ಬಣ್ಣ ಏರದ ಚುಕ್ಕೆಗಳು

ಏಳು ಸಮುದ್ರದಾಚೆ, ಪಂಜರದ ಗಿಳಿಯೊಳಗೆ ರಾಕ್ಷಸನ ಜೀವವಿದ್ದ ಕಥೆಯನ್ನು ಅಜ್ಜಿ, ಆಯಿ ಗಯಾಬಾಯಿ, ಹೇಳಿದಾಗಲೆಲ್ಲ ಪೂನಂ ನಗುತ್ತಿದ್ದಳು. ಇಂದು ಹುಮನಾಬಾದಿನ ನಾಯಿ ದವಾಖಾನೆಯಲ್ಲಿ ಕೂತವಳಿಗೆ ನಗು ಬರಲಿಲ್ಲ. ಅವಳ ಮರಿ ಮೋತ್ಯಾನ ಜೀವ ಮೇಜಿನ ಮೇಲಿನ ರಕ್ತಪರೀಕ್ಷೆಯ ಪಟ್ಟಿಯ ಮೂರು ಚುಕ್ಕೆಗಳಲ್ಲಿತ್ತು.

ಮುಡಬಿಯ ಅವರ ಓಣಿಯಲ್ಲಿ ವಾರದೊಳಗೆ ನಾಲ್ಕು ಮರಿಗಳು ರಕ್ತಭೇದಿಯಾಗಿ ಸತ್ತಿದ್ದವು. ‘ನಮ್ಮ ಮೋತ್ಯಾಗ ಸೂಜಿ ಆಗ್ಯದ’ ಎಂದು ಪೂನಂ ಧೈರ್ಯವಾಗಿದ್ದಳು. ನಿನ್ನೆ ಪಕ್ಕದ ಮುನ್ನಿ ಬೀಯ ಮರಿಯೂ ಹೋದಾಗ ಆಯಿ ಬಾಯಿ ಬಿಟ್ಟಳು. ತಿಂಗಳ ಹಿಂದೆ ಲಸಿಕೆ ತಂದವಳು ಅವಳೇ. ಅಂಗಡಿಯವನು ಬರ್ಫಿನಲ್ಲಿಟ್ಟು ಕೊಟ್ಟಿದ್ದ. ಅಷ್ಟು ತಣ್ಣಗಿನದು ಚುಚ್ಚಿದರೆ ಕೂಸಿಗೆ ನೆಗಡಿಯಾದೀತೆಂದು ಆಯಿ ದಾರಿಯ ಮಾಣಿಕನಗರದಲ್ಲೇ ಬರ್ಫು ಚೆಲ್ಲಿ, ಶೀಶೆಯನ್ನು ಎಲೆಯಡಿಕೆಯ ಚಂಚಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲಿನ ಗುಡಿಯಲ್ಲಿ ದರ್ಶನ ಮುಗಿಸಿ, ಸಂಜೆ ಊರು ಮುಟ್ಟಿ ಮರಿಗೆ ಚುಚ್ಚಿಸಿದ್ದಳು.

“ಸುಣ್ಣಾನೂ ಹಚ್ಚಿದ್ರೇನು ಆಯಿ?” ಎಂದರು ಡಾಕ್ಟರ್ ಅಂಬರೀಷ.

“ಚ್ಯಾಷ್ಟಿ ಮಾಡಬ್ಯಾಡ್ರಿ ಸಾಹೇಬ್ರ. ಈಕಿ ಸಣ್ಣಾಕಿದ್ದಾಗ ಎಣ್ಣಿನೂ ಬೆಚ್ಚಗ ಮಾಡೇ ಹಚ್ತಿದ್ದೆ.”

“ಲಸಿಕಿ ಬೆಚ್ಚಗಾದ್ರ ಕೆಡ್ತದ್ರಿ. ಸೂಜಿ ಚುಚ್ಚಿದ್ದು ಖರೆ. ಮೈಯಾಗ ಶಕ್ತಿ ಹುಟ್ಟ್ಯದೋ ಇಲ್ಲೋ, ರಕ್ತಾನೇ ಹೇಳಬೇಕು. ಮ್ಯಾಲಿನ ಈ ಚುಕ್ಕಿ ಅಳತಿಗೆ ಇಟ್ಟದ್ದು. ಕೆಳಗಿನ ಮೂರು, ಮೂರು ರೋಗದವು. ಅದರಷ್ಟೇ ಕಪ್ಪಾದ್ರ ಚಿಂತಿ ಇಲ್ಲ.”

ಅಳತೆಯ ಚುಕ್ಕೆ ಮೊದಲು ಬೂದಿಯಾಯಿತು, ಆಮೇಲೆ ಕಪ್ಪಾಯಿತು. ಪೂನಂ ಕೆಳಗಿನ ಮೂರನ್ನು ನೋಡಿದಳು. ಬಿಳಿ. ಗೋಡೆ ಗಡಿಯಾರದ ಮುಳ್ಳು ಸರಿಯಿತು. ಬಿಳಿ. ಡಾಕ್ಟರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂರೂ ಬಿಳಿಯೇ.

ಅವರು ಫ್ರಿಜ್ಜಿನಿಂದ ಹೊಸ ಲಸಿಕೆ ತೆಗೆದು ಚುಚ್ಚಿದರು. “ಓಣಿ ಮಣ್ಣು ಮುಟ್ಟಸಬ್ಯಾಡ್ರಿ. ಈ ರೋಗ ಚಪ್ಪಲಿಗೆ ಹತ್ತಿಯೂ ಬರ್ತದ.”

ಪೂನಂ ಆಯಿಯ ಪಾದ ನೋಡಿದಳು. ಆಯಿಯೂ ಅದನ್ನೇ ನೋಡುತ್ತಿದ್ದಳು. ನಿನ್ನೆ ಮುನ್ನಿ ಬೀಯ ಮರಿಯನ್ನು ಹುಗಿಯಲು ಮೆಟ್ಟಿ ಹೋಗಿದ್ದ ಚಪ್ಪಲಿ. ಎಡಗಾಲಿನದರ ಪಟ್ಟಿಯ ಮೇಲೆ ಮೋತ್ಯಾ ರಾತ್ರಿ ಕಡಿದ ಹಲ್ಲಿನ ಗುರುತು.

“ಹತ್ತಿದ್ರ... ಎಷ್ಟ ದಿನಕ್ಕ ಗೊತ್ತಾಗ್ತದ್ರಿ?” ಪೂನಂ ಕೇಳಿದಳು.

“ನಾಕೈದು ದಿನ.”

“ಈ ಸೂಜಿ ಕೆಲಸ ಮಾಡ್ಲಿಕ್ಕ?”

ಡಾಕ್ಟರು ಕೈ ತೊಳೆಯುತ್ತ ತಿರುಗಲಿಲ್ಲ. “ಅದಕ್ಕೂ ಅಷ್ಟೇ ಬೇಕವ್ವ.”

ಮೋತ್ಯಾ ಬಾಲ ಆಡಿಸುತ್ತ ಚಪ್ಪಲಿಯತ್ತ ಬಗ್ಗಿದ. ಪೂನಂ ಅವನನ್ನು ಎದೆಗೆ ಅವಚಿಕೊಂಡಳು. ಆಯಿ ಕಾಲುಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.