ನಲವತ್ತೊಂದನೆಯ ನಿಮಿಷ

ತಮ್ಮನಿಗೆ ಸಿನಿಮಾ ತೆಗೆಯುವ ಹುಚ್ಚು, ಅಕ್ಕನಿಗೆ ಅವನು ತೆಗೆದದ್ದನ್ನೆಲ್ಲ ಕತ್ತರಿಸಿ ಜೋಡಿಸುವ ಕರ್ಮ. ಈ ಸಲ ಅವನು ಕೈಹಾಕಿದ್ದು ಅಂತಿಂಥ ವಿಷಯಕ್ಕಲ್ಲ. ಗುಡ್ಡಗಾಡಿನ ಬಂಡಾಯ, ಅದನ್ನು ಅಡಗಿಸಲು ಸರ್ಕಾರ ನುಗ್ಗಿಸಿದ ಸೈನ್ಯ, ಆಮೇಲೆ ಕಾಣೆಯಾದ ಮಕ್ಕಳು. ಎರಡು ವರ್ಷ ಅಲೆದು ಸಾಕ್ಷ್ಯಚಿತ್ರ ಮಾಡಿದ್ದ. ಅದರ ಜೀವಾಳ ಒಬ್ಬ ನರ್ಸು. ಗುಂಡಿನ ಕಾಳಗದಲ್ಲಿ ಸತ್ತರೆಂದು ಸರ್ಕಾರ ಸಾರಿದ ಹನ್ನೊಂದು ಜನರ ಹೆಣಗಳು ಆಸ್ಪತ್ರೆಗೆ ಬಂದಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಲಾಗಿತ್ತು ಎಂದು ಕ್ಯಾಮೆರಾ ಮುಂದೆ ಹೇಳಿದವಳು ಅವಳೊಬ್ಬಳೇ. ಆಸ್ಪತ್ರೆಯ ಕೆಲಸ ಅವಳು ಬಿಟ್ಟಿರಲಿಲ್ಲ. ಗುರುತು ಸಿಕ್ಕರೆ ಅವಳೂ ಕಾಣೆಯಾದವರ ಪಟ್ಟಿಗೆ ಸೇರುವುದು ಖಂಡಿತ.

ಅದಕ್ಕೇ ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತು ಅವಳ ಮುಖ ಮಬ್ಬಾಗಿಸಿದ್ದಳು, ಧ್ವನಿ ಬದಲಿಸಿದ್ದಳು. ಆದರೆ ಈ ಕಸುಬಿನವರಿಗೊಂದು ರೂಢಿ. ಅಸಲು ಚಿತ್ರ ಕಂಪ್ಯೂಟರಿಗೆ ಭಾರವೆಂದು ಅದರ ಸಣ್ಣ, ಮಂಕು ನಕಲಿನ ಮೇಲೆ ಕೆಲಸವೆಲ್ಲ ಮುಗಿಸಿ, ಕಡೆಗೆ ಅಸಲನ್ನು ಜೋಡಿಸುತ್ತಾರೆ. ನರ್ಸಿನ ಪಕ್ಕದಲ್ಲಿದ್ದ ಗಾಜಿನ ಬಾಗಿಲಿನ ಪುಸ್ತಕದ ಬೀರು ಮಂಕು ನಕಲಿನಲ್ಲಿ ಬರೀ ಕಪ್ಪು ಚೌಕ. ಮೊದಲ ಪ್ರದರ್ಶನದ ಮಧ್ಯಾಹ್ನ, ಸಿನಿಮಾ ತುಂಬಿದ್ದ ಡ್ರೈವನ್ನು ತಮ್ಮ ಎತ್ತಿಕೊಂಡು ಹೋದ ಮೇಲೆ, ಅಕ್ಕ ಸುಮ್ಮನೆ ಅಸಲು ಪ್ರತಿ ಹಾಕಿ ನೋಡಿದಳು. ಬೀರುವಿನ ಗಾಜಿನಲ್ಲಿ ನರ್ಸಿನ ಮುಖ, ಗಲ್ಲದ ಮಚ್ಚೆ ಸಮೇತ, ನಿಚ್ಚಳವಾಗಿ ಕೂತಿತ್ತು.

ಅಕ್ಕ ಫೋನು ಕೈಗೆತ್ತಿಕೊಂಡಳು. ಪ್ರದರ್ಶನ ಇದ್ದದ್ದು ವಿದೇಶಿ ದೂತಾವಾಸದ ಸಭಾಂಗಣದಲ್ಲಿ. ಅಲ್ಲಿ ಗೇಟಿನಲ್ಲೇ ಎಲ್ಲರ ಫೋನು ಕಿತ್ತಿಟ್ಟುಕೊಳ್ಳುತ್ತಿದ್ದರು. ತಮ್ಮನಿಗೆ ಏಳು ಸಲ ಫೋನು ಮಾಡಿ, ಏಳು ಸಲವೂ ಅವನಿಗೆ ಶಾಪ ಹಾಕಿ, ಬಸ್ಸು ಹತ್ತಿದಳು. ಆ ಬಸ್ಸೋ, ಸಿಕ್ಕಸಿಕ್ಕಲ್ಲಿ ನಿಂತು ಅವಳ ಜೀವ ಹಿಂಡಿತು. ಅವಳು ಗೇಟು ದಾಟಿ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಗೆ ನುಗ್ಗಿದಾಗ ಸಿನಿಮಾ ಮೂವತ್ತಾರನೆಯ ನಿಮಿಷದಲ್ಲಿತ್ತು. ನರ್ಸು ಬರುವುದು ನಲವತ್ತೊಂದಕ್ಕೆ.

ಕೋಣೆಯಲ್ಲಿದ್ದ ಆಪರೇಟರಿಗೆ ಅರವತ್ತು ದಾಟಿತ್ತು. ಏದುಸಿರು ಬಿಡುತ್ತಲೇ ಅವಳು ಎಲ್ಲ ಹೇಳಿದಳು. "ನಿಲ್ಲಿಸಿಬಿಡಿ ಅಣ್ಣಾ."

"ನಿಲ್ಸಿದ್ರೆ ಯಾಕೆ ನಿಲ್ತು ಅಂತ ಹುಡುಕ್ತಾರಮ್ಮ," ಎಂದ ಆತ. "ಹಿಂದಿನ ಸಾಲಲ್ಲಿ ಮೂರು ಜನ ಇದಾರೆ ನೋಡಿ. ಅವ್ರು ಸಿನಿಮಾ ನೋಡೋಕೆ ಬಂದಿಲ್ಲ, ಯಾರ್ಯಾರು ಬಂದಿದಾರೆ ಅಂತ ನೋಡೋಕೆ ಬಂದಿದಾರೆ. ಆ ಬೀರು ಪರದೆಯ ಯಾವ ಕಡೆ ಬರತ್ತೆ?"

"ಎಡಗಡೆ. ಎರಡು ನಿಮಿಷ ನಲವತ್ತು ಸೆಕೆಂಡು."

"ಅಷ್ಟೇ ತಾನೆ," ಎಂದು ಆತ ಬಲ್ಬಿನ ರಟ್ಟಿನ ಡಬ್ಬದ ಮುಚ್ಚಳ ಹರಿದು, ಬೆಳಕು ಹೊರಹೋಗುವ ಕಿಟಕಿಯ ಮುಂದೆ ಹಿಡಿದು ನಿಂತ. ಅಕ್ಕ ಕಿಂಡಿಗೆ ಮುಖ ಒತ್ತಿ ಪರದೆಯನ್ನೇ ನೋಡುತ್ತಾ ನಿಂತಳು. ನರ್ಸು ಬರುವ ಮೊದಲೇ ಪರದೆಯ ಎಡಭಾಗ ಮೆಲ್ಲಗೆ ಕಪ್ಪಾಯಿತು. "ಇನ್ನೊಂಚೂರು ಬಲಕ್ಕೆ," ಎಂದಳು. "ಸಾಕು. ಅಲ್ಲಾಡಿಸಬೇಡಿ." ಒಂದು ನಿಮಿಷಕ್ಕೇ ಆತನ ಕೈ ನಡುಗತೊಡಗಿತು. ಪರಿಚಯವೇ ಇಲ್ಲದ ಆ ಗಂಡಸಿನ ಮಣಿಕಟ್ಟನ್ನು ಅಕ್ಕ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು. ದೃಶ್ಯ ಮುಗಿಯುವವರೆಗೂ ಬಿಡಲಿಲ್ಲ.

ಸಿನಿಮಾ ಮುಗಿದ ಮೇಲಿನ ಚರ್ಚೆಯಲ್ಲಿ ಗಡ್ಡದ ವಿಮರ್ಶಕರೊಬ್ಬರು ಎದ್ದು, ನರ್ಸು ಮಾತಾಡುವಾಗ ಅರ್ಧ ಪರದೆ ಕತ್ತಲಾದದ್ದು ಎಂಥ ಧ್ವನಿಪೂರ್ಣ ಕಲ್ಪನೆ ಎಂದು ಐದು ನಿಮಿಷ ಕೊರೆದರು. ಏನೂ ಅರಿಯದ ತಮ್ಮ ಕಕ್ಕಾಬಿಕ್ಕಿಯಾಗಿ ಕತ್ತೆತ್ತಿದ. ಮೇಲಿನ ಕಿಂಡಿಯಲ್ಲಿ ಅಕ್ಕನ ಮುಖ ಕಂಡಿತು. "ಅದು ನಮ್ಮಕ್ಕನ ಐಡಿಯಾ," ಎಂದುಬಿಟ್ಟ. ಹುಡುಗ ಹುಚ್ಚನಾದರೂ ದಡ್ಡನಲ್ಲ. ಆಪರೇಟರ್ ಕೈ ನೀವಿಕೊಳ್ಳುತ್ತಾ ನಕ್ಕ.

ಡ್ರೈವ್ ವಾಪಸ್ಸು ಬಂತು, ಗಾಜಿನ ಮುಖ ಅಳಿಸಿದ್ದೂ ಆಯಿತು. ಆದರೂ ಅಕ್ಕನಿಗೆ ಎರಡು ದಿನ ಊಟ ಸೇರಲಿಲ್ಲ. ಮುಚ್ಚಳದ ಅಂಚಿನಿಂದ ಹಿಂದಿನ ಸಾಲಿನವರಿಗೆ ಏನಾದರೂ ಕಂಡಿದ್ದರೆ? ಸೋಮವಾರ ಬೆಳಿಗ್ಗೆ ತಡೆಯಲಾರದೆ ಅಂಗಡಿಯೊಂದರ ಫೋನಿನಿಂದ ಆ ಆಸ್ಪತ್ರೆಯ ವಾರ್ಡಿಗೆ ಕರೆ ಮಾಡಿ, ರೋಗಿಗಳನ್ನು ನೋಡಲು ಯಾವಾಗ ಬರಬಹುದು ಎಂದು ಕೇಳಿದಳು.

"ನಾಲ್ಕರಿಂದ ಆರು. ಒಬ್ಬೊಬ್ಬರೇ ಬರ್ಬೇಕು," ಎಂದಿತು ಆ ಕಡೆಯ ಧ್ವನಿ.

ಸಿನಿಮಾದಲ್ಲಿ ಬದಲಿಸುವ ಮೊದಲು ಆರು ತಿಂಗಳು ಕೇಳಿದ್ದ ನರ್ಸಿನ ಧ್ವನಿ ಅದು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಹಲೋ? ಯಾರನ್ನ ನೋಡ್ಬೇಕಿತ್ತು?"

"ಬೇಡಮ್ಮ. ನಮ್ಮೋರು ಚೆನ್ನಾಗಿದಾರೆ ಅಂತ ಈಗ್ತಾನೆ ಗೊತ್ತಾಯ್ತು."

"ಒಳ್ಳೇದಾಯ್ತು ಬಿಡಿ," ಎಂದು ನರ್ಸು ಫೋನಿಟ್ಟಳು.