ಎಸ್ತೇರವ್ವನ ಮಣ್ಣಿಗೆ ಬಂದ ಮೈದುನ

"ಕೈ ತಗೀರಿ ಕಾಕಾ. ಅವ್ವನ ಪೆಟ್ಟಿಗಿ ಮುಟ್ಟಬ್ಯಾಡ್ರಿ."

ಶೀಲಾಳ ದನಿಗೆ ಅಂಗಳದಲ್ಲಿನ ಹಾಡು ನಿಂತಿತು. ಶವಪೆಟ್ಟಿಗೆಗೆ ಹೆಗಲು ಕೊಡಲು ಬಾಗಿದ್ದ ಆನಂದ ಹಿಂದೆ ಸರಿದ. ಅರವತ್ತರ ಮನುಷ್ಯ, ಸತ್ತ ಎಸ್ತೇರವ್ವನ ಗಂಡನ ತಮ್ಮ.

"ಇವತ್ತರ ಬಿಡವಾ," ಎಂದರು ಚರ್ಚಿನ ಸಭಾಪಾಲಕರು. "ನಾಳಿ ಕ್ರಿಸ್ಮಸ್."

"ಹನ್ನೊಂದ ವರ್ಷದ ಹಿಂದ ನಮ್ಮಣ್ಣ ಸುಕುಮಾರ ಸತ್ತಾಗೂ ನಾಳಿ ಕ್ರಿಸ್ಮಸ್ ಇತ್ರಿ ಅಯ್ಯನವರ," ಎಂದಳು ಶೀಲಾ.

ಆನಂದ ಚಪ್ಪಲಿ ಮೆಟ್ಟಿ ಒಬ್ಬನೇ ಹೊರಟುಹೋದ. ಅವನು ಬಿಟ್ಟ ಮೂಲೆಗೆ ಪಕ್ಕದ ಮನೆಯ ಜಾಫರಸಾಬ ಹೆಗಲು ಕೊಟ್ಟ.

*

ಗುಳೇದಗುಡ್ಡದ ಆ ಓಣಿಯಲ್ಲಿ ಎಸ್ತೇರವ್ವ ನಲವತ್ತು ವರ್ಷ ಕುಪ್ಪಸದ ಖಣ ನೇಯ್ದಳು. ಗಂಡ ಬೇಗ ತೀರಿಕೊಂಡಿದ್ದ. ಹನ್ನೊಂದು ವರ್ಷದ ಹಿಂದೆ, ಕ್ರಿಸ್ಮಸ್ಸಿನ ಮುನ್ನಾದಿನ, ಹೊಸ ಅಂಗಿ ಕೊಡಿಸುತ್ತೇನೆಂದು ಆನಂದ ಅವಳ ಮಗ ಸುಕುಮಾರನನ್ನು ಬೈಕಿನಲ್ಲಿ ಬಾದಾಮಿಗೆ ಕರೆದೊಯ್ದ. ಬರುವಾಗ ಕುಡಿದಿದ್ದ. ತಿರುವಿನ ಬಂಡೆಗೆ ಹೊಡೆದ ಬೈಕಿನ ಕೆಳಗಿನಿಂದ ಅವನೊಬ್ಬನೇ ಎದ್ದ.

ಎಸ್ತೇರವ್ವ ಜನರೆದುರು ಅಳಲಿಲ್ಲ. ಆನಂದ ಚರ್ಚಿನೊಳಗೆ ಬಂದರೆ ಎದ್ದು ಹೊರನಡೆಯುತ್ತಿದ್ದಳು. ಕಡೆಗೆ ಅವನೇ ಒಳಗೆ ಬರುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂರತೊಡಗಿದ. ಹಬ್ಬಕ್ಕೆ ಅವನ ಮನೆಯಿಂದ ಕರ್ಚಿಕಾಯಿ ಬಂದರೆ ಅವನು ನೋಡುವಂತೆಯೇ ಆಡಿಗೆ ಹಾಕುತ್ತಿದ್ದಳು. ಪ್ರಾರ್ಥನೆಯಲ್ಲಿ 'ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬ ಸಾಲು ಬಂದಾಗ ತುಟಿ ಬಿಗಿಯುತ್ತಿದ್ದಳು.

"ದೇವರ ಮುಂದ ಸುಳ್ಳು ಹೇಳಾಂಗಿಲ್ಲ ನಾ," ಎನ್ನುತ್ತಿದ್ದಳು.

ಸಾಯುವ ವಾರ ಮಗಳ ಮುಂಗೈ ಹಿಡಿದು ಅಂದಿದ್ದಳು: "ಅವನ ಕೈ ನನ್ನ ಹೆಣಕ್ಕ ತಾಗಬಾರ್ದು. ನೋಡ್ಕೋ." ಶೀಲಾ ಹೂಂ ಎಂದಿದ್ದಳು.

*

ಗುಡ್ಡದ ಬುಡದ ಸ್ಮಶಾನ ಮುಟ್ಟಿದಾಗ ಆನಂದ ಆಗಲೇ ಅಲ್ಲಿದ್ದ. ಅಂಗಿಯೆಲ್ಲ ಕೆಂಪು ಮಣ್ಣು.

"ಕುಣಿ ತೋಡಾವ ಊರಾಗಿಲ್ಲ," ಜಾಫರಸಾಬ ಮೆಲ್ಲಗೆ ಹೇಳಿದ. "ನಸುಕಿನಾಗ ಬಂದು ಇವ ಒಬ್ಬನ ತೋಡ್ಯಾನವಾ, ಈಗ ಮತ್ತ ಬಂದು ಉಳದ ಮಣ್ಣ ತಗದಾನ."

ಶೀಲಾಳ ಮೈ ಉರಿಯಿತು. ಅವ್ವ ಮಲಗುವ ಮಣ್ಣಿಗೆಲ್ಲ ಅವನ ಕೈ ತಾಗಿತ್ತು; ಕೊಟ್ಟ ಮಾತು ಬೆಳಗಾಗುವ ಮೊದಲೇ ಮುರಿದುಹೋಗಿತ್ತು.

ಹಗ್ಗ ಬಿಟ್ಟು ಇಳಿಸುವಾಗ ಪೆಟ್ಟಿಗೆ ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ಮತ್ತೆ ಮೇಲೆತ್ತಿದರು. ಯಾರೂ ಏನೂ ಅನ್ನುವ ಮೊದಲೇ ಆನಂದ ಹಾರೆ ಹಿಡಿದು ಕುಣಿಗೆ ಇಳಿದ. ಏಳೆಂಟು ಏಟಿಗೆ ಕಲ್ಲು ಒಡೆಯಿತು.

ಆದರೆ ಅವನಿಗೆ ಹತ್ತಿಬರಲು ಆಗಲಿಲ್ಲ. ಅಂಚು ಹಿಡಿದಲ್ಲೆಲ್ಲ ಮಣ್ಣು ಕುಸಿಯಿತು. ಎರಡು ಸಲ ಜಾರಿಬಿದ್ದ. ಯಾರೂ ಕೈ ಚಾಚಲಿಲ್ಲ. ಎಲ್ಲರೂ ಶೀಲಾಳ ಮುಖ ನೋಡುತ್ತಿದ್ದರು.

ಅವಳು ಅಂಚಿಗೆ ಬಂದು ಕೆಳಗೆ ನೋಡಿದಳು. ಅಲ್ಲೇ ಇರಲಿ ಅನ್ನಿಸಿತು. ಇಷ್ಟು ವರ್ಷ ಅವ್ವ ಕಾದದ್ದು ಇದಕ್ಕೇ ಇದ್ದೀತು. ನೋಡುತ್ತ ನಿಂತೇ ಇದ್ದಳು.

"ಮ್ಯಾಲ ಮಣ್ಣ ಎಳದುಬಿಡವಾ," ಎಂದ ಆನಂದ, ಏದುಸಿರು ಬಿಡುತ್ತ. "ಒಲ್ಲೆ ಅನ್ನಾಂಗಿಲ್ಲ ನಾ."

"ಸುಮ್ಮನಿರ್ರಿ! ಅದು ನಮ್ಮವ್ವನ ಜಾಗಾ. ಅಷ್ಟ ಸಲೀಸ ಸಾಯಾಕ ಬಿಡಾಂಗಿಲ್ಲ ನಿಮ್ಮನ್ನ."

ಶೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಚಿನಲ್ಲಿ ಮೊಣಕಾಲೂರಿದಳು. ಕೈ ಕೆಳಗೆ ಚಾಚಿದಳು. ಅವನು ತನ್ನ ಅಂಗೈಯನ್ನು ಅಂಗಿಗೆ ಒರೆಸಿದ, ಮತ್ತೊಮ್ಮೆ ಒರೆಸಿದ. ಮಣ್ಣು ಹೋಗಲಿಲ್ಲ.

"ಹಿಡೀರಿ," ಎಂದಳು ಶೀಲಾ.