ಕತ್ತರಿ ಹಿಡಿದವಳ ಮಾತು

ಹಿರಿಸೊಸೆ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದಳು. ಅವಳ ಓರಗಿತ್ತಿ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಹಿರಿಯವಳು ಹೇಳಿದ್ದನ್ನು ಊರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಹೊಳೆಯ ಎರಡು ದಡದವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು; ಆಚೆಯವರ ಪಾಲಿಗೆ ಅದು ಈಚೆಯವರ ಲ್ಯಾಬು. ಈಚೆಯವರ ಪಾಲಿಗೆ ಆಚೆಯವರಿಗೆ ಮಾರಿಕೊಂಡ ಲ್ಯಾಬು. ಕಿರಿಯವಳು ಮಾತ್ರ ಕತ್ತರಿ ಆಡಿಸುತ್ತ "ನಲ್ಲಿ ನೀರು ಹಾಗೇ ಕುಡೀಬೇಡಿ" ಅಂದರೆ ಸಾಕು, ಸಂಜೆಯೊಳಗೆ ಎರಡೂ ದಡದ ಒಲೆಗಳ ಮೇಲೆ ನೀರು ಕುದಿಯುತ್ತಿತ್ತು.

ಓದಿದ್ದು ನಾನು, ನಂಬಿಕೆ ಅವಳಿಗೆ! ಹಿರಿಯವಳಿಗೆ ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚು.

ಊರಿನ ನೀರಿನ ಟ್ಯಾಂಕು ತೊಳೆದ ಮೇಲೆ ಕಿರಿಯವಳು ನೀರು ಸರಿಹೋಯಿತೆಂದು ಸಾರಿದ್ದಳು. ಈಗ ಲ್ಯಾಬಿನಲ್ಲಿ ಪರೀಕ್ಷಿಸಿ ನೋಡಿದರೆ ನೀರಲ್ಲಿ ಮತ್ತೆ ರೋಗಾಣು. ಹಿರಿಯವಳು ನಿಯಮದಂತೆ ಲ್ಯಾಬಿನ ಬೋರ್ಡಿಗೆ ಕಾಗದ ಅಂಟಿಸಿದಳು. ಅದನ್ನು ಯಾರೂ ಓದುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಬಾಯಿ ಬಿಡದಿದ್ದರಾಯಿತು, ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ಬಂದಾಗ ಕತ್ತರಿಯವಳ ಬಣ್ಣ ತಾನಾಗಿ ಬಯಲಾಗುತ್ತದೆ ಎಂದುಕೊಂಡೇ ಮನೆಗೆ ಬಂದಳು.

ಮುಂದಿನ ಕೋಣೆಯ ಕುರ್ಚಿಯಲ್ಲಿ ಆಚೆದಡದ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಳು. ಅವಳಮ್ಮ ನಲ್ಲಿಯಿಂದ ಲೋಟ ತುಂಬಿಸಿ ಮಗಳ ಕೈಗಿಟ್ಟಳು.

"ಕುಡೀಬೇಡ!" ಹಿರಿಯವಳು ಲೋಟ ಕಿತ್ತುಕೊಂಡಳು. ಮಾತು ಅವಳನ್ನು ಕೇಳದೆಯೇ ಹೊರಬಿದ್ದಿತ್ತು.

ಹುಡುಗಿಯ ತಾಯಿ ಸಿಡುಕಿದಳು. "ಯಾಕ್ರೀ? ನಾವು ಆಚೆಯೋರು ಅಂತಾನಾ?"

ಕಿರಿಯವಳು ಓರಗಿತ್ತಿಯ ಮುಖವನ್ನೊಮ್ಮೆ ನೋಡಿದಳು. "ನೀರು ಮತ್ತೆ ಕೆಟ್ಟಿದೆ ಕಣ್ರೀ, ಕುದಿಸಿ ಕೊಡಿ."

"ಹೌದಾ? ನೀವು ಹೇಳಿದ್ಮೇಲೆ ಮುಗೀತು ಬಿಡಿ."

ಹಿರಿಯವಳ ಮೈಯೆಲ್ಲ ಉರಿದುಹೋಯಿತು. ತಾಯಿ ಮಗಳು ಹೊರಟ ಮೇಲೆ ಕೇಳಿಯೇಬಿಟ್ಟಳು. "ನಿನಗೆ ಹೇಗೇ ಗೊತ್ತಾಯ್ತು, ನೀರು ಕೆಟ್ಟಿದೆ ಅಂತ?"

"ನನಗೇನು ಗೊತ್ತಕ್ಕ, ನಿಮ್ಮ ಮುಖ ನೋಡ್ದೆ. ಊಟಕ್ಕೆ ಕೂತಾಗ ನೀವು ಹೇಳೋದನ್ನೇ ತಾನೆ ನಾನು ಇಲ್ಲಿ ಹೇಳೋದು? ಸರಿಹೋಯ್ತು ಅಂದಿದ್ದೂ ನೀವೇ. ನಿಮ್ಮ ಹೆಸರೆತ್ತಿದ್ರೆ ಅರ್ಧ ಜನ ಎದ್ದೇ ಹೋಗ್ತಾರೆ, ಅದಕ್ಕೇ ಎತ್ತಲ್ಲ."

ಇಷ್ಟು ದಿನ ಹಿರಿಯವಳು ಕರುಬಿದ್ದು ತನ್ನದೇ ಮಾತಿಗೆ.

ಅಡುಗೆಮನೆಯಲ್ಲಿ ಅತ್ತೆ ಒಲೆ ಹಚ್ಚಿ ಪಾತ್ರೆಗೆ ನೀರು ಹಿಡಿಯುತ್ತಿದ್ದರು. "ನೀರು ಕುದಿಸ್ಬೇಕಂತೆ ಕಣೆ, ಚಿಕ್ಕವಳು ಅಂತಿದ್ಲು. ನಿಮ್ಮ ಲ್ಯಾಬಿನೋರಿಗೆ ಇದೆಲ್ಲ ಎಲ್ಲಿ ತಿಳೀಬೇಕು! ಆದ್ರೆ ಮೊನ್ನೆ ಸರಿಹೋಯ್ತು ಅಂದಿದ್ಲು, ಅವಳೇ ಈಗ ತಪ್ಪು ಹೇಳಿದ್ಲೋ ಏನೋ?"

ಹಿರಿಯವಳು ಬಾಯಿ ತೆರೆದಳು. ನಾನು ಕಂಡುಹಿಡಿದದ್ದು ಎಂದರೆ ಅತ್ತೆ ಒಲೆ ಆರಿಸಿಬಿಡುತ್ತಾರೆ.

"ಇಲ್ಲ ಅತ್ತೆ," ಎಂದಳು. "ಅವಳು ಹೇಳಿದ್ರೆ ಸರಿಯಾಗೇ ಇರುತ್ತೆ."